ಸರಕಿ ಎಣ್ಣೆಯ ಸೋಪೂ ಅತ್ತೆಯ ಶರತ್ತೂ

ನಮಂಗಾನ್, ಉಜ್ಬೇಕಿಸ್ತಾನ
8 ಅಕ್ಟೋಬರ್ 2023

ಪೂಜ್ಯ ಅತ್ತೆಯವರಿಗೆ ಪ್ರಿಯದರ್ಶನಿಯ ಜಯ ಜಿನೇಂದ್ರ.

ಇಂದು ಬೆಳಿಗ್ಗೆ, ಸ್ನಾನದ ಹೊತ್ತಿನಲ್ಲಿ, ಈ ಮನೆಯ ಇತಿಹಾಸದ ಒಂದು ಮಹಾಯುಗ ಮುಗಿಯಿತೆಂದು ಗಡಹಿಂಗ್ಲಜದ ಸಮಸ್ತ ಬಂಧುಬಾಂಧವರಿಗೆ, ನಮ್ಮ ಕಿರಾಣಿ ಅಂಗಡಿಯ ಗಿರಾಕಿಗಳಿಗೆ ಮತ್ತು ಸ್ವತಃ ತಮಗೆ ಅತ್ಯಂತ ಗಾಂಭೀರ್ಯದಿಂದ ತಿಳಿಸುತ್ತಿದ್ದೇನೆ. ನೀವು ನಮ್ಮ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ತುರುಕಿ ಕಳಿಸಿದ್ದ ಸೋಪುಗಳಲ್ಲಿ ಕೊನೆಯದು, ಹುಣಸೆಬೀಜದಷ್ಟು ಸಣ್ಣದಾಗಿ, ನಿಮ್ಮ ಮಗನ ಕೈಯಿಂದ ಜಾರಿ ಮೋರಿಯ ದಾರಿ ಹಿಡಿಯಿತು. ಅವರು "ಹೋತು, ಹೋತು!" ಎಂದು ಕೂಗಿದ ರೀತಿಗೆ ನಾನು ಪಾಸ್‌ಪೋರ್ಟೇ ಹೋಯಿತೆಂದು ಓಡಿಬಂದೆ.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀವು ಗಲ್ಲೆಯ ಮೇಲೆ ಕೂತು ಸ್ಪೀಕರ್ ಹಾಕಿ ಮಾತಾಡುತ್ತೀರಿ. ಹೋದ ಸಲ ನನ್ನ ವಾಂತಿಯ ವಿಷಯಕ್ಕೆ ಬೆಲ್ಲ ಕೊಳ್ಳಲು ಬಂದವರೆಲ್ಲ ಒಂದೊಂದು ಔಷಧಿ ಹೇಳಿದರು. ಆದ್ದರಿಂದ ಇನ್ನು ಮುಂದೆ ಮನೆಯ ಮಾತು ಕಾಗದದ ಮೇಲೆ. ಬರೆದು, ಫೋಟೋ ತೆಗೆದು ಕಳಿಸುತ್ತೇನೆ. ನೀವೂ ಹಾಗೇ ಮಾಡಿ.

ಈಗ ಮುಖ್ಯ ಮಾತು. ಮಾರ್ಚಿನಲ್ಲಿ ಕೂಸು. ಬಾಣಂತನ ಮಾಡಬೇಕಿದ್ದ ನಮ್ಮವ್ವ ಇಲ್ಲ. ಇಷ್ಟು ದೂರದ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ ನಾನು ಊರಿಗೆ ಬರುವಂತಿಲ್ಲ. ಇಲ್ಲಿಯ ಮಗ್ಗಗಳನ್ನು ಬಿಟ್ಟು ನಿಮ್ಮ ಮಗ ಅಲುಗಾಡುವಂತಿಲ್ಲ. ಇಚಲಕರಂಜಿಯಲ್ಲಿ ಮಗ್ಗ ಕೆಟ್ಟರೆ ಕೂಗಿ ಕರೆಯಲು ಓಣಿಗೊಬ್ಬ ಜಾಬರ್ ಇದ್ದಾನೆ, ಇಲ್ಲಿ ಇಡೀ ಗಿರಣಿಗೆ ಇವರು ಮತ್ತು ನಮ್ಮೂರ ಕಡೆಯ ಸುಕುಮಾರ ಇಬ್ಬರೇ. ಹೀಗಾಗಿ ನೀವೇ ಬರಬೇಕೆಂದು ಕೇಳಿದೆ. ಆಗ ನೀವು ಅಂಗಡಿಯಲ್ಲಿ ನೆರೆದ ಮಂದಿಯೆಲ್ಲ ಸಾಕ್ಷಿಯಾಗಿರುವಾಗ ಏನಂದಿರಿ, ನೆನಪಿದೆಯೆ?

"ಅಲ್ಲಿ ಕುರಿ ಕೊಬ್ಬಿನ ಸಾಬಾಣ. ನನ್ನ ನೇಮ ನಿನಗ ಗೊತ್ತೈತಿ, ಕೊಬ್ಬಿನ ಸಾಬಾಣ ಬಳಸೂ ಮನ್ಯಾಗ ನಾ ನೀರ ಸೈತ ಕುಡಿಯೂದಿಲ್ಲ. ಇಲ್ಲಿಂದ ತಂದದ್ದ ನಡಿಯೂದಿಲ್ಲ, ಅದು ಮುಗದ ಮ್ಯಾಲ ಏನ ಮಾಡತಿ? ಆ ಊರಾಗಿನ ಸಾಮಾನಿನಿಂದ ಸ್ವಚ್ಛ ಸಾಬಾಣ ನಿನ್ನ ಕೈಯಾರೆ ಮಾಡಿ ತೋರಸು. ಅವತ್ತ ಬರತೀನಿ."

ಒಪ್ಪಿದೆ, ಅತ್ತಿ. ನಿಮ್ಮ ಸೊಸೆ ಶರತ್ತಿಗೆ ಅಂಜುವವಳಲ್ಲ. ಸಾಮಾನಿನ ಪರಿಸ್ಥಿತಿ ಮಾತ್ರ ಹೀಗಿದೆ: ಕೊಬ್ಬರಿ ಎಣ್ಣೆ ಔಷಧಿ ಅಂಗಡಿಯಲ್ಲಿ, ಕಣ್ಣಿಗೆ ಬಿಡುವ ಹನಿಯ ಹಾಗೆ ಸಣ್ಣ ಸೀಸೆಯಲ್ಲಿ ಸಿಗುತ್ತದೆ. ಅಂಟುವಾಳಕಾಯಿ ಇಲ್ಲ. ಕಾಸ್ಟಿಕ್ ಸೋಡಾ ಮನೆಯೊಳಗೆ ತರಬಾರದೆಂದು ನಿಮ್ಮ ಮಗ ಆಣೆ ಹಾಕಿದ್ದಾರೆ. ಉಳಿದದ್ದು ಹತ್ತಿ. ನಾಲ್ಕೂ ದಿಕ್ಕಿಗೆ ಹತ್ತಿ. ಸರಕಿ, ಅದೇ ಹತ್ತಿಬೀಜ, ಹಿಂಡಿ ತೆಗೆದ ಎಣ್ಣೆಯಲ್ಲೇ ಇಲ್ಲಿಯವರು ಅಡುಗೆ ಮಾಡುತ್ತಾರೆ, ಹತ್ತಿಕಟ್ಟಿಗೆ ಒಲೆಗೆ ಹಾಕುತ್ತಾರೆ. ಎಣ್ಣೆ ಇದೆ, ಬೂದಿ ಇದೆ, ನೀರಿದೆ. ಇನ್ನೇನು ಬೇಕು?

ಪಾಸ್‌ಪೋರ್ಟ್ ಮಾಡಿಸಲು ಕೊಡಿ.

ನಿಮ್ಮ ಸೊಸೆ,
ಪ್ರಿಯದರ್ಶನಿ

*

ಗಡಹಿಂಗ್ಲಜ
19 ಅಕ್ಟೋಬರ್ 2023

ಚಿ. ಸೌ. ಪ್ರಿಯದರ್ಶನಿಗೆ ಆಶೀರ್ವಾದ.

ಪತ್ರ ಮುಟ್ಟಿತು. ನಿನ್ನ ಮಾವ ಅದನ್ನು ದೊಡ್ಡದು ಮಾಡಲು ಹೋಗಿ ಅಳಿಸಿಬಿಟ್ಟರು. ನಿನ್ನ ಗಂಡ ಸಮ್ಮೇದನಿಂದ ಮತ್ತೆ ತರಿಸಿಕೊಂಡು ನಾನೇ ಓದಿದೆ. ಅಂಗಡಿಯಲ್ಲಿ ಯಾರಿಗೂ ಹೇಳಿಲ್ಲ. ಬಾಳಕ್ಕನಿಗೆ ಮಾತ್ರ ಹೇಳಿದೆ. ಎದುರು ಮನೆಯಾಕೆ, ಹೇಳದಿದ್ದರೂ ತಿಳಿದುಕೊಳ್ಳುತ್ತಾಳೆ. ಆಕೆ ಅಂದದ್ದು: "ಸರಕಿ ಎಣ್ಣಿ ಸಾಬಾಣ? ನಮ್ಮ ಎಮ್ಮಿ ದಿನಾ ಸರಕಿ ತಿಂತೈತಿ, ಅದರ ಮೈ ನೋಡೀಯೇನು?"

ಶರತ್ತಿನಲ್ಲಿ ಬದಲಿಲ್ಲ. ಸೋಪು ಎಂದರೆ ಸೋಪಿನಂತೆ ಇರಬೇಕು. ಕೈಯಲ್ಲಿ ಹಿಡಿದರೆ ಗಟ್ಟಿ ಕೂತಿರಬೇಕು, ತಿಕ್ಕಿದರೆ ನೊರೆ ಬರಬೇಕು. ಬಟ್ಟಲಿನಲ್ಲಿ ಅಂಬಲಿಯಂತೆ ಅಲ್ಲಾಡುವುದನ್ನು ತೋರಿಸಿ "ಇದ ಸಾಬಾಣ ರೀ" ಅಂದರೆ ನಾನು ಕಿರಾಣಿ ಅಂಗಡಿಯವಳು, ಒಪ್ಪುವುದಿಲ್ಲ.

ಪಾಸ್‌ಪೋರ್ಟಿಗೆ ಅವಸರವೇನಿದೆ? ಸದ್ಯ ಅಂಗಡಿಯಲ್ಲಿ ದೀಪಾವಳಿಯ ಗದ್ದಲ. ಎಮ್ಮೆ ಹಾಲು ಕಮ್ಮಿ ಮಾಡಿದೆ. ನಿನ್ನ ಮಾವನಿಗೆ ನಾನಿಲ್ಲದಿದ್ದರೆ ರವೆಯ ಡಬ್ಬಿ ಎಲ್ಲಿದೆ ಎಂದೂ ಗೊತ್ತಾಗುವುದಿಲ್ಲ. ಇದನ್ನೆಲ್ಲ ನೆಪ ಎಂದು ತಿಳಿಯಬೇಡ.

ಭಾರ ಎತ್ತಬೇಡ. ರಾತ್ರಿ ಹಾಲು ಕುಡಿಯುವುದಿದ್ದರೆ ಹೊತ್ತು ಮುಳುಗುವ ಮೊದಲೇ ಕುಡಿ. ಅಲ್ಲಿ ಹೊತ್ತು ಬೇಗ ಮುಳುಗುತ್ತದಂತೆ.

ಅಲಕಾ

*

ನಮಂಗಾನ್
16 ನವೆಂಬರ್ 2023

ಪೂಜ್ಯ ಅತ್ತೆಯವರಿಗೆ ಜಯ ಜಿನೇಂದ್ರ.

ದೀಪಾವಳಿಗೆ ಮಹಾವೀರ ನಿರ್ವಾಣದ ಲಾಡು ನಾನೇ ಮಾಡಿದೆ. ನಿಮ್ಮ ಮಗ ಎರಡು ತಿಂದು "ಅವ್ವಂದ ಕೈ ಬ್ಯಾರೆ" ಅಂದರು. ಮೂರನೆಯದು ಕೊಡಲಿಲ್ಲ.

ನಮಂಗಾನ್ ಸೋಪು ಕಾರ್ಖಾನೆಯ ಉದ್ಘಾಟನಾ ಸಮಾರಂಭ ಮೊನ್ನೆ ನಮ್ಮ ಹಿತ್ತಲಲ್ಲಿ ವಿಜೃಂಭಣೆಯಿಂದ ನೆರವೇರಿತು. ಅಧ್ಯಕ್ಷತೆ ನನ್ನದು. ಮುಖ್ಯ ಅತಿಥಿ ಪಕ್ಕದ ಮನೆಯ ಖುರ್ಷಿದಾ ಓಪಾ. ಓಪಾ ಎಂದರೆ ಇಲ್ಲಿ ಅಕ್ಕ. ಸಿನಿಮಾ ನೋಡಿ ಕಲಿತ ಹಿಂದಿಯಲ್ಲಿ ಮಾತಾಡುತ್ತಾರೆ. ಹೀಗಾಗಿ ಉಪ್ಪು ಕೇಳಲು ಬಂದರೂ ಯಾರೋ ತೀರಿಕೊಂಡಂತೆ ಕೇಳುತ್ತಾರೆ. ಅವರ ಮನೆಯಲ್ಲಿ ಹಿಂದೆ ಸೋಪು ಮಾಡುತ್ತಿದ್ದರು, ಕುರಿಬಾಲದ ಕೊಬ್ಬಿನಿಂದ. ಕೊಬ್ಬು ಬೇಡವೆಂದೆ. "ಸ್ವಲ್ಪ?" ಅಂದರು. ಸ್ವಲ್ಪವೂ ಬೇಡವೆಂದೆ. ನನ್ನ ಹೊಟ್ಟೆ ನೋಡಿ, ಬಸುರಿಯ ಬಯಕೆ ಎಂದುಕೊಂಡು ಸುಮ್ಮನಾದರು.

ಮೊದಲು ಹತ್ತಿಕಟ್ಟಿಗೆ. ಒಣಗಿದ ಕಾಯಿಗಳೊಳಗೆ ಹುಳ ಇರುತ್ತವೆ. ಹಾಗೇ ಒಲೆಗೆ ಹಾಕಲು ನನ್ನ ಕೈ ಹೇಗೆ ಬರಬೇಕು? ಒಂದೊಂದೇ ಕಡ್ಡಿ ಎತ್ತಿ, ಬಡಿದು, ಒಡೆದು ನೋಡಿ, ಹುಳಗಳನ್ನು ಮರದ ಬುಡಕ್ಕೆ ಬಿಟ್ಟು ಬಂದೆ. ಓಣಿಯ ಹೆಂಗಸರು ಗೋಡೆಯ ಮೇಲಿಂದ ನೋಡಿದರು. ಹಿಂದುಸ್ತಾನದಲ್ಲಿ ಒಲೆ ಹಚ್ಚುವ ಮೊದಲು ಕಟ್ಟಿಗೆಗೆ ಹೊಡೆಯುವ ಪದ್ಧತಿ ಇದೆ ಎಂದು ಈಗ ಊರಿಗೆಲ್ಲ ಗೊತ್ತಾಗಿದೆ.

ಬೂದಿಗೆ ಗಾಳಿಸಿದ ನೀರು ಹಾಕಿ, ನೆನೆಸಿ, ತಿಳಿ ಬಸಿದೆ. ಆ ತಿಳಿ ಬೂದಿನೀರೇ ಸೋಪಿನ ಜೀವ, ಅದು ಖಡಕ್ ಇದ್ದರೆ ಮಾತ್ರ ಎಣ್ಣೆ ಕರಗುತ್ತದೆ. ಖಡಕ್ ಇದೆಯೋ ಇಲ್ಲವೋ ಎಂದು ನೋಡಲು ಓಪಾ ಒಂದು ತತ್ತಿ ತಂದರು. ತತ್ತಿ ತೇಲಿದರೆ ಸರಿಯಂತೆ. ನಾನು ಹೌಹಾರಿದೆ. ಹಾಗಾದರೆ ಆಲೂಗಡ್ಡೆ, ಅಂದರು. ನೆಲದೊಳಗಿನ ಗಡ್ಡೆ, ಅದನ್ನೂ ನಾವು ಮುಟ್ಟುವುದಿಲ್ಲವೆಂದೆ. ಓಪಾ ಸೊಂಟದ ಮೇಲೆ ಕೈಯಿಟ್ಟು ನಿಂತು ಕೇಳಿದರು: "ಬೆಹನ್‌ಜೀ, ಆಪ್ ಜಿಂದಾ ಕೈಸೇ ಹೈ?" ಕೊನೆಗೆ ದ್ರಾಕ್ಷಿ ಸಿಕ್ಕಿತು. ಬರೀ ನೀರಿನಲ್ಲಿ ಮುಳುಗುವ ದ್ರಾಕ್ಷಿ ನನ್ನ ಬೂದಿನೀರಿನಲ್ಲಿ ರಾಜಹಂಸದಂತೆ ತೇಲಿತು. ಸೋಪಿನ ಪರೀಕ್ಷೆಗೆ ದ್ರಾಕ್ಷಿ ಬಳಸಿದ ಹೆಣ್ಣುಮಗಳು ಈ ಭೂಮಿಯ ಮೇಲೆ ನಾನೊಬ್ಬಳೇ ಇರಬೇಕೆಂದು ನನ್ನ ನಮ್ರ ಅಭಿಪ್ರಾಯ.

ಎಣ್ಣೆ ಹಾಕಿ ಕುದಿಸಿದೆ. ತಿರುವಿದೆ. ನಮ್ಮ ಮನೆಯ ರೀತಿಯಂತೆ ಹೊತ್ತು ಮುಳುಗುವ ಮೊದಲೇ ಒಲೆ ಆರಿಸಿ, ಮುಚ್ಚಿಟ್ಟು ಒಳಗೆ ಬಂದೆ. ಬೆಳಿಗ್ಗೆ ನೋಡಿದರೆ ಸೋಪು ಬಹುತೇಕ ಆಗಿತ್ತು. ಎಣ್ಣೆ ಸ್ವಲ್ಪ ಮೇಲೆ ನಿಂತಿತ್ತು, ಅಷ್ಟೆ. ತತ್ವಶಃ ಇದನ್ನು ವಿಜಯವೆಂದೇ ಹೇಳಬೇಕು. ಎರಡನೆಯ ಪ್ರಯತ್ನಕ್ಕೆ ಬೂದಿ ಸಿದ್ಧವಾಗಿದೆ.

ಪಾಸ್‌ಪೋರ್ಟ್ ಎಲ್ಲಿಗೆ ಬಂತು?

ಪ್ರಿಯದರ್ಶನಿ

*

ಗಡಹಿಂಗ್ಲಜ
27 ನವೆಂಬರ್ 2023

ಚಿ. ಸೌ. ಪ್ರಿಯದರ್ಶನಿಗೆ ಆಶೀರ್ವಾದ.

ಎಣ್ಣೆ ಮೇಲೆ ನಿಂತರೆ ಅದು ಸೋಪಲ್ಲ, ಸಾರು. ತತ್ವದಿಂದ ಮೈ ತೊಳೆಯಲು ಬರುವುದಿಲ್ಲ.

ಪಾಸ್‌ಪೋರ್ಟಿನ ಕೆಲಸಕ್ಕೆ ಕೊಲ್ಹಾಪುರಕ್ಕೆ ಹೋಗಿದ್ದೆ. ನೀನು ಗೆಲ್ಲುತ್ತೀಯೆಂದು ಅಲ್ಲ. ಅಂಥದೊಂದು ಕಾಗದ ಮನೆಯಲ್ಲಿದ್ದರೆ ಬ್ಯಾಂಕಿನವರೂ ಕುರ್ಚಿ ಕೊಡುತ್ತಾರೆ. ಬಾಳಕ್ಕ ಜೊತೆಗೆ ಬಂದಿದ್ದಳು. ಕೆಲಸ ಬೇಗ ಮುಗಿಯಿತು, ಅಂಬಾಬಾಯಿ ಗುಡಿಯ ಕಡೆಗೆ ಹೋಗೋಣವೆಂದಳು. ನಾನು ಉಜಳಾಈವಾಡಿಗೆ ಹೋಗೋಣವೆಂದೆ. ವಿಮಾನ ಇಳಿಯುವ ಜಾಗ. ತಂತಿ ಬೇಲಿಯ ಹೊರಗೆ ಬೇವಿನ ನೆರಳಿನಲ್ಲಿ ಕೂತೆವು. ಒಂದು ವಿಮಾನ ಬಂತು.

ಬಾಳಕ್ಕ ಅಂದಳು, "ಇಷ್ಟ ಸಣ್ಣದೇನ ಅಲಕಾ? ನಮ್ಮ ಸಂಕೇಶ್ವರ ಎಸ್‌ಟಿ ಬಸ್ಸ ಇದಕಿಂತ ದೊಡ್ಡದೈತಿ."

"ರೆಕ್ಕಿ ನೋಡ, ಅಲಗಾಡಾಕತ್ತೈತಿ," ಅಂದೆ.

"ಎಸ್‌ಟಿ ಅಲಗಾಡೂದಿಲ್ಲೇನು?"

"ಎಸ್‌ಟಿ ಕೆಟ್ಟರ ಇಳದ ನಿಂದರತೀವಿ. ಇದು ಕೆಟ್ಟರ ಎಲ್ಲಿ ಇಳಿಯೂದು?"

ಆಗ ಆಕೆ ನನ್ನ ಮುಖವನ್ನೇ ನೋಡುತ್ತ ಕೇಳಿದಳು: "ಖರೆ ಹೇಳ ನನ್ನ ಮುಂದ. ಆ ಹುಡುಗಿಗೆ ಸಾಬಾಣದ ಶರತ್ತ ಹಾಕಿದೆಲ್ಲ, ನೀ ಅಂಜಿದ್ದು ಕುರಿ ಕೊಬ್ಬಿಗೋ, ಈ ರೆಕ್ಕಿಗೋ?"

ನಾನು ಮೊಸರನ್ನದ ಡಬ್ಬಿ ತೆಗೆದೆ. ಬಾಯಲ್ಲಿ ಅನ್ನ ಇದ್ದರೆ ಬಾಳಕ್ಕ ಪ್ರಶ್ನೆ ಕೇಳುವುದಿಲ್ಲ. ನಿನಗೆ ತಮಾಷೆಯೆಂದು ಬರೆದೆ, ಬೇರೆ ಅರ್ಥ ಮಾಡಿಕೊಳ್ಳಬೇಡ.

ಊಟ ಸರಿಯಾಗಿ ಮಾಡು.

ಅಲಕಾ

(ಅಂಚಿನಲ್ಲಿ, ಬೇರೆ ಅಕ್ಷರದಲ್ಲಿ: ಪ್ರಿಯಾ, ಇದನ್ನು ನಿನ್ನ ಮಾವ ಬರೆಯುತ್ತಿದ್ದೇನೆ. ನಿನ್ನ ಅತ್ತೆ ಎರಡು ವಾರದಿಂದ ಹಿತ್ತಲಲ್ಲಿ ಏನೋ ಕುದಿಸುತ್ತಿದ್ದಾಳೆ. ಕೇಳಿದರೆ "ನಿಮಗ್ಯಾಕ ಬೇಕು" ಅನ್ನುತ್ತಾಳೆ. ಮನೆಯೆಲ್ಲ ಒಂದು ನಮೂನೆ ವಾಸನೆ. ಎಮ್ಮೆ ಕೂಡ ಮುಖ ತಿರುಗಿಸಿ ನಿಲ್ಲುತ್ತದೆ. ನಿನಗೇನಾದರೂ ಗೊತ್ತೆ? ಅಭಯಕುಮಾರ.)

*

ನಮಂಗಾನ್
12 ಡಿಸೆಂಬರ್ 2023

ಅತ್ತೆಯವರಿಗೆ ಜಯ ಜಿನೇಂದ್ರ.

ಎರಡನೆಯ ಸಲವೂ ಎಣ್ಣೆ ಮೇಲೆ ನಿಂತಿತು. ಮೂರನೆಯ ಸಲವೂ. ಬೂದಿ ಬದಲಿಸಿದೆ, ಎಣ್ಣೆ ಕಮ್ಮಿ ಮಾಡಿದೆ. ದ್ರಾಕ್ಷಿ ಮಾತ್ರ ಪ್ರತಿ ಸಲ ಚೆನ್ನಾಗಿ ತೇಲುತ್ತದೆ.

ಹಿಂದಿನ ಪತ್ರದಲ್ಲಿ ಬರೆದಿರಲಿಲ್ಲ. ಮೊದಲ ದಿನವೇ ಬೂದಿನೀರು ಸಿಡಿದು ಬಲಗೈಗೆ ಬೊಬ್ಬೆ ಎದ್ದಿತ್ತು. ಈಗ ಮಾಯ್ದಿದೆ. ನಿಮ್ಮ ಮಗ ಒಲೆಯನ್ನೇ ಒಡೆದು ಹಾಕುತ್ತೇನೆಂದು ಕೂಗಾಡಿದರು. ಹಿಮ ಬೀಳುತ್ತಿದೆ. ಹಿತ್ತಲಲ್ಲಿ ಬಹಳ ಹೊತ್ತು ನಿಲ್ಲಬೇಡ ಎಂದು ಡಾಕ್ಟರೂ ಹೇಳಿದರು.

ಮಾವನವರು ಬರೆದದ್ದು ಓದಿದೆ. ಶೀಗೆಕಾಯಿ ಕುದಿಸುತ್ತಿದ್ದೀರಿ ಎಂದು ಕಾಣುತ್ತದೆ. ನಿಮಗೇನು, ಅಲ್ಲಿ ಎಲ್ಲವೂ ಸಿಗುತ್ತದೆ.

ಬಾಳಕ್ಕ ಕೇಳಿದ್ದಕ್ಕೆ ಮೊಸರನ್ನದ ಡಬ್ಬಿ ತೆಗೆದೆನೆಂದು ಬರೆದಿರಿ. ನನಗೆ ಉತ್ತರ ತಿಳಿಯಿತು. ಕೊಬ್ಬೂ ಅಲ್ಲ, ರೆಕ್ಕೆಯೂ ಅಲ್ಲ. ನಿಮಗೆ ಬರುವ ಮನಸ್ಸೇ ಇಲ್ಲ. ಹಾಗೆಂದು ಮೊದಲೇ ಹೇಳಿದ್ದರೆ ನಾನು ಇಷ್ಟು ಹತ್ತಿಕಟ್ಟಿಗೆ ಬಡಿಯುತ್ತಿರಲಿಲ್ಲ. ಖುರ್ಷಿದಾ ಓಪಾ ತಾವೇ ನೋಡಿಕೊಳ್ಳುತ್ತೇನೆ ಎಂದಿದ್ದಾರೆ. ಒಳ್ಳೆಯವರು. ಕೂಸಿಗೆ ನೀರು ಹಾಕುವಾಗ ಯಾವ ಸೋಪೆಂದು ನಾನು ಅವರನ್ನು ಕೇಳಲಾರೆ.

ಪ್ರಿಯದರ್ಶನಿ

*

ಗಡಹಿಂಗ್ಲಜ
13 ಡಿಸೆಂಬರ್ 2023

ಪ್ರಿಯಾ,

ಆಶೀರ್ವಾದ ಆಮೇಲೆ. ಮೊದಲು ಬೈಗುಳ. ಹೊಟ್ಟೆಯಲ್ಲಿ ಕೂಸಿಟ್ಟುಕೊಂಡು ಸುಟ್ಟ ಕೈಯನ್ನು ನನ್ನಿಂದ ಮುಚ್ಚಿಟ್ಟೆಯಾ? ಮನಸ್ಸಿಲ್ಲವಂತೆ, ಮನಸ್ಸು! ಮನಸ್ಸಿಲ್ಲದವಳು ಹಿತ್ತಲಲ್ಲಿ ಸರಕಿ ಎಣ್ಣೆ ಕುದಿಸಿ ಎಮ್ಮೆಯಿಂದ ಬೈಸಿಕೊಳ್ಳುತ್ತಾಳೇನು?

ಹೌದು, ನಾನೂ ಸೋಪನ್ನೇ ಕುದಿಸುತ್ತಿದ್ದೆ, ಶೀಗೆಕಾಯಿ ಅಲ್ಲ. ಎಮ್ಮೆಗೆ ಸರಕಿ ತರುವ ಗಾಣದಿಂದ ಎಣ್ಣೆ ತರಿಸಿದೆ. ಅಕಿವಾಟದ ನಿಮ್ಮಜ್ಜನ ಹೊಲದಿಂದ ಹತ್ತಿಕಟ್ಟಿಗೆ ಬಂತು. ನಿನ್ನ ಕೈಯಲ್ಲಿರುವುದನ್ನಷ್ಟೇ ಹಿಡಿದು ಮಾಡಬೇಕೆಂದು ಹಟ ತೊಟ್ಟೆ. ನನ್ನದೂ ಎಣ್ಣೆ ಮೇಲೆ ನಿಂತಿತು. ಬಾಳಕ್ಕ ಬಂದು ಮೂಸಿ ನೋಡಿ "ಸೊಸಿಗೆ ಶರತ್ತ ಹಾಕಿ ತಾನ ಪರೀಕ್ಷಾಕ ಕುಂತಾಳ" ಅಂದಳು. ಅನ್ನಲಿ.

ಈಗ ಗಮನವಿಟ್ಟು ಓದು. ಮೊನ್ನೆ ಸೂರ್ಯ ಹುಟ್ಟಿದೊಡನೆ ಒಲೆ ಹಚ್ಚಿದೆ. ಅಂಗಡಿಗೆ ಹೋಗಲಿಲ್ಲ. ಹೊತ್ತು ಮುಳುಗುವುದರೊಳಗೆ ಎಣ್ಣೆ ಪೂರ್ತಿ ಕರಗಿ ಕಡಲೆಹಿಟ್ಟಿನ ಪಿಠಲೆಯಂತೆ ಗಟ್ಟಿಯಾಯಿತು. ಆಗ ಹೊಳೆಯಿತು. ನಮ್ಮ ಬೂದಿ ಕೆಟ್ಟದ್ದಲ್ಲ, ನಿನ್ನ ಎಣ್ಣೆ ಕೆಟ್ಟದ್ದಲ್ಲ. ನಾವು ಅದಕ್ಕೆ ಹೊತ್ತು ಕೊಡುತ್ತಿಲ್ಲ. ಇಲ್ಲಿಯ ದಿನ ಉದ್ದ, ಹೇಗೋ ಮುಗಿಯಿತು. ನಿನ್ನ ಊರಿನಲ್ಲಿ ಈಗ ಮಧ್ಯಾಹ್ನದ ನಿದ್ದೆ ಮುಗಿಯುವಷ್ಟರಲ್ಲಿ ಕತ್ತಲೆ. ನೀನು ಅಡುಗೆಯ ಒಲೆ ಆರಿಸುವಂತೆ ಅದನ್ನೂ ಆರಿಸುತ್ತಿ. ಅದು ಅರ್ಧಕ್ಕೇ ನಿಲ್ಲುತ್ತದೆ.

ಒಲೆ ಆರಿಸಬೇಡ. ಹೊತ್ತು ಮುಳುಗಿದ ಮೇಲೂ ಉರಿಯಲಿ. ಇದನ್ನು ನಾನು ಹೇಳುತ್ತಿದ್ದೇನೆ, ಅಲಕಾ. ನಾವು ಹೊತ್ತು ಮುಳುಗಿದ ಮೇಲೆ ಒಲೆ ಹಚ್ಚದಿರುವುದು ಯಾಕೆ? ಬೆಳಕಿಗೆ ಹುಳ ಬಂದು ಬೀಳಬಾರದೆಂದು. ಹಿಮ ಬಿದ್ದ ಊರಿನಲ್ಲಿ ಯಾವ ಹುಳ ತಿರುಗಾಡುತ್ತದೆ? ಇನ್ನು ಊಟದ ಮಾತು. ಸೋಪನ್ನು ನೀವು ಊಟಕ್ಕೆ ಹಾಕಿಕೊಳ್ಳುವುದಿಲ್ಲವಲ್ಲ. ಈ ವಿಚಾರವನ್ನು ನಾನು ಯಾರಿಗೂ ಕೇಳಲು ಹೋಗಲಿಲ್ಲ. ನೇಮ ಹಿಡಿದವಳು ನಾನು, ಅದರ ಅರ್ಥವೂ ನನಗೇ ಗೊತ್ತಿರಬೇಕು.

ಇನ್ನೊಂದು. ಬೂದಿಯ ಸೋಪು ಮೆತ್ತಗಾಗುತ್ತದೆ. ಗಟ್ಟಿಯಾದ ಮೇಲೆ ಉಪ್ಪು ಹಾಕಿ ಮತ್ತೆ ಕುದಿಸು. ಸೋಪು ಮೇಲೆ ಬರುತ್ತದೆ, ನೀರು ಕೆಳಗೆ ಉಳಿಯುತ್ತದೆ. ಮೇಲಿನದನ್ನು ತೆಗೆದು ಅಚ್ಚಿಗೆ ಹಾಕು. ನನ್ನದು ಈಗ ಇಟ್ಟಿಗೆಯಂತಿದೆ. ತಿರುವುವ ಕೆಲಸ ಸಮ್ಮೇದನಿಗೆ ಕೊಡು. ಮಗ್ಗ ತಿರುಗಿಸುವವನು ಕೊಳಗ ತಿರುವಿದರೆ ಕೈ ಉದುರುವುದಿಲ್ಲ.

ನಾನು ಈ ಪತ್ರ ಬರೆಯುವಾಗ ಬಾಳಕ್ಕ ಎದುರಿಗೇ ಕೂತಿದ್ದಳು. "ಅಲಕಾ, ಇದನ್ನ ಕಳಿಸಿದಿ ಅಂದರ ಆ ಹುಡುಗಿ ಗೆಲ್ಲತಾಳ. ನೀ ವಿಮಾನ ಹತ್ತಬೇಕಾಗತೈತಿ. ಬಾಯಿ ಮುಚಗೊಂಡ ಕೂತಿ ಅಂದರ ಮನ್ಯಾಗ ಉಳಿತಿ," ಅಂದಳು.

ಬಾಳಕ್ಕ ಬೇಲಿಯ ಹತ್ತಿರ ಕೇಳಿದ್ದಕ್ಕೆ ಉತ್ತರ ಈಗ ಬರೆಯುತ್ತೇನೆ. ರೆಕ್ಕೆಗೇ ಅಂಜಿದೆ. ನಿನ್ನಿಂದ ಆಗದ ಕೆಲಸವನ್ನು ಹುಡುಕಿ ಶರತ್ತು ಹಾಕಿದೆ. ನಿನ್ನನ್ನು ನಾನು ಸರಿಯಾಗಿ ಅಳೆದಿರಲಿಲ್ಲ. ನಿನ್ನ ಮಾವನಿಗೆ ಹೇಳಬೇಡ.

ಪತ್ರ ಕಳಿಸುತ್ತಿದ್ದೇನೆ.

ಅತ್ತಿ

*

ನಮಂಗಾನ್
4 ಜನವರಿ 2024

ಪರಮಪೂಜ್ಯ, ಸೋಪುಶಾಸ್ತ್ರ ಪ್ರವೀಣೆ, ಸರಕಿರತ್ನ ಅತ್ತೆಯವರ ಪಾದಗಳಿಗೆ ಸೊಸೆಯ ಸಾವಿರ ಜಯ ಜಿನೇಂದ್ರ.

ಆಯಿತು, ಅತ್ತಿ. ಸೋಪು ಆಯಿತು!

ಬಿರುದುಗಳನ್ನು ಆಮೇಲೆ ಎಣಿಸಿಕೊಳ್ಳಿ, ಮೊದಲು ವರದಿ ಕೇಳಿ. ನಿಮ್ಮ ಪತ್ರ ಓದಿ ನಾನು ಅತ್ತದ್ದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಬರೆಯುತ್ತೇನೆ. ನಿಮ್ಮ ಮಗ ಗಿರಣಿಗೆ ರಜೆ ಹಾಕಿ, ಕಿವಿಗೆ ಮಫ್ಲರ್ ಸುತ್ತಿಕೊಂಡು, ಮರದ ಹುಟ್ಟು ಹಿಡಿದು ಒಲೆಯ ಮುಂದೆ ನಿಂತರು. ನಾನು ಕಂಬಳಿ ಹೊದ್ದು, ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಆಜ್ಞೆ ಕೊಡುತ್ತ ಕೂತೆ. ಹೊತ್ತು ಮುಳುಗಿತು. ನನ್ನ ಕೈ ತಾನಾಗಿ ಒಲೆಯ ಕಡೆ ಹೋಯಿತು, ಅಷ್ಟು ರೂಢಿ. ನಿಮ್ಮ ಮಗ ಹುಟ್ಟನ್ನು ಅಡ್ಡ ಹಿಡಿದು ಅಂದರು: "ಕುಂದರ ಅಲ್ಲೇ. ಅವ್ವನ ಹುಕುಂ ಐತಿ."

ಉರಿ ಬೆಳಗುತ್ತಿದ್ದಂತೆ ನಾನು ಸುತ್ತಲೂ ಕಣ್ಣಿಟ್ಟು ನೋಡಿದೆ. ಒಂದು ಹುಳವೂ ಇಲ್ಲ. ಹಿಮ ಮಾತ್ರ ಬೀಳುತ್ತಿತ್ತು, ಅದಕ್ಕೆ ಜೀವವಿಲ್ಲ. ಎಣ್ಣೆ ಮೊದಲು ಮೊಂಡು ಹಿಡಿಯಿತು. ಆಮೇಲೆ ಮಂಕಾಯಿತು. ಆಮೇಲೆ ಇಷ್ಟಿಷ್ಟೇ ಕರಗುತ್ತ ಕರಗುತ್ತ ಹುಟ್ಟಿಗೆ ಅಂಟಿಕೊಂಡಿತು. ಉಪ್ಪು ಹಾಕಿದೆವು. ನೀವು ಬರೆದ ಹಾಗೇ ಸೋಪು ಮೊಸರಿನ ಗಡ್ಡೆಯಂತೆ ಮೇಲೆ ಎದ್ದು ಬಂತು. ಖುರ್ಷಿದಾ ಓಪಾ ಗೋಡೆಯ ಮೇಲಿಂದ ಇಣುಕಿದವರು, ಚಪ್ಪಲಿ ಮರೆತು ಹಿಮದಲ್ಲೇ ಓಡಿಬಂದರು. ಮುಟ್ಟಿ, ಮೂಸಿ, ಕೈ ತೊಳೆದು, ನೊರೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಕೊಬ್ಬು ಇಲ್ಲದೆ?" ಅಂದರು. ಇಲ್ಲದೆ. "ತತ್ತಿ ಇಲ್ಲದೆ?" ಇಲ್ಲದೆ. "ಆಲೂಗಡ್ಡೆ ಇಲ್ಲದೆ?" ಓಪಾ, ಆಲೂಗಡ್ಡೆ ಯಾವ ಸೋಪಿನಲ್ಲೂ ಇರುವುದಿಲ್ಲ ಎಂದೆ.

ಅಚ್ಚಿಗೆ ರೊಟ್ಟಿಯ ಮೇಲೆ ಒತ್ತುವ ಅವರ ಮರದ ಮುದ್ರೆ ಸಿಕ್ಕಿತು. ಹೀಗಾಗಿ ಸೋಪಿನ ಮೇಲೆ ಹೂವು ಮೂಡಿದೆ. ಬಣ್ಣ ಬೆಲ್ಲದ್ದು. ಪರಿಮಳ ಎಂದು ಏನನ್ನೂ ಹೇಳಿಕೊಳ್ಳುವಂತಿಲ್ಲ, ಗಾಣದ ಮನೆಯ ಗೋಡೆಗೆ ಮೂಗು ಒತ್ತಿದ ಹಾಗಿದೆ. ಆದರೆ ಗಟ್ಟಿಯಿದೆ. ಕಲ್ಲಿನ ಹಾಗೆ ಗಟ್ಟಿಯಿದೆ. ಇಚಲಕರಂಜಿಯ ಹುಡುಗಿ, ಅಕಿವಾಟದ ಹೊಲದ ಮೊಮ್ಮಗಳು, ನಾನು, ಈ ಎರಡು ಕೈಯಿಂದ ಮಾಡಿದ್ದು. ನಿಮ್ಮ ಮಗ ಗಿರಣಿಯಲ್ಲಿ ಎಲ್ಲರಿಗೂ ತೋರಿಸಿ, ತಿರುವಿದ್ದು ತಾನೆಂದು ಹೇಳುತ್ತ ತಿರುಗುತ್ತಿದ್ದಾರೆ. ಕಟ್ಟಿಗೆ ಬಡಿದದ್ದು ಯಾರೆಂದು ಹೇಳುವುದಿಲ್ಲ. ಓಣಿಯ ಹೆಂಗಸರು ಈಗ ಬಟ್ಟಲು ಹಿಡಿದು ಬರುತ್ತಾರೆ. ನಾನು ಉಸ್ತಾದಳಂತೆ ಕೂತು ದ್ರಾಕ್ಷಿ ತೇಲಿಸಿ ತೋರಿಸುತ್ತೇನೆ.

ಹಿಂದಿನ ಪತ್ರದಲ್ಲಿ ಮನಸ್ಸಿಲ್ಲ ಎಂದು ಬರೆದೆ. ಅದನ್ನು ದಯವಿಟ್ಟು ಅಳಿಸಿ. ಮಾವನವರಿಗೆ ಕೊಟ್ಟರೆ ತಾನಾಗಿ ಅಳಿಯುತ್ತದೆ.

ಸುಕುಮಾರ ಸಂಕ್ರಾಂತಿಗೆ ಊರಿಗೆ ಬರುತ್ತಿದ್ದಾನೆ, ಅವನ ಕೈಯಲ್ಲಿ ಸೋಪು ಕಳಿಸಿದ್ದೇನೆ. ಫೆಬ್ರವರಿಯಲ್ಲಿ ವಾಪಸು ಬರುತ್ತಾನೆ. ಅವನಿಗೂ ಮೊದಲ ಸಲ ಮುಂಬಯಿಯಿಂದ ವಿಮಾನ ಏಳುವಾಗ ಕಣ್ಣಿಗೆ ಕತ್ತಲೆ ಬಂದಿತ್ತಂತೆ. ಪಕ್ಕದವರ ತೋಳು ಹಿಡಿದುಕೊಂಡನಂತೆ. ಪಕ್ಕದವರು ಯಾರೋ ದೊಡ್ಡ ಅಧಿಕಾರಿ, ತಾಷ್ಕೆಂಟ್ ಬರುವವರೆಗೂ ಬಿಡಿಸಿಕೊಳ್ಳಲಿಲ್ಲವಂತೆ. ಈ ಸಲ ಅವನ ಪಕ್ಕದ ಸೀಟಿನಲ್ಲಿ ನೀವು ಕೂತರೆ ಅವನಿಗೆ ಧೈರ್ಯ. ಅವನ ಸಲುವಾಗಿ ಕೇಳುತ್ತಿದ್ದೇನೆ.

ಪ್ರಿಯಾ

*

ಗಡಹಿಂಗ್ಲಜ
24 ಜನವರಿ 2024

ಚಿ. ಸೌ. ಪ್ರಿಯದರ್ಶನಿಗೆ ಅನೇಕ ಆಶೀರ್ವಾದ.

ಸುಕುಮಾರ ಸೋಪು ತಂದುಕೊಟ್ಟ. ಕೂತು ಚಹಾ ಕುಡಿದ. ಮೊದಲು ದೋಷ ಹೇಳುತ್ತೇನೆ. ಒಂದು ಮೂಲೆ ಸವೆದಿದೆ, ಅದು ಸುಕುಮಾರನ ಚೀಲದ ತಪ್ಪಿರಬಹುದು. ಹೂವಿನ ಮುದ್ರೆ ಸ್ವಲ್ಪ ವಾರೆ ಬಿದ್ದಿದೆ. ವಾಸನೆಯ ವಿಷಯ ನೀನೇ ಬರೆದಿರುವೆ. ದೋಷ ಮುಗಿದವು.

ಮುಖ ತೊಳೆದೆ. ನೊರೆ ಬಂತು. ಪೂಜೆಯ ಸೀರೆ ಒಗೆದೆ. ನನ್ನ ಸೋಪಿನಿಂದ ಒಂದು ಸೀರೆ, ನಿನ್ನ ಸೋಪಿನಿಂದ ಒಂದು. ಬಾಳಕ್ಕನನ್ನು ಕರೆದು ಯಾವುದು ಬೆಳ್ಳಗಿದೆ ಎಂದು ಕೇಳಿದೆ. ಯಾವುದು ಯಾರದೆಂದು ಹೇಳಿರಲಿಲ್ಲ. ಆಕೆ ನಿನ್ನದನ್ನೇ ತೋರಿಸಿದಳು. ಇನ್ನೊಂದು ಸಲ ಸರಿಯಾಗಿ ನೋಡು ಅಂದೆ. ಮತ್ತೆ ನಿನ್ನದನ್ನೇ ತೋರಿಸಿದಳು. ಆಕೆಗೆ ಈಚೆಗೆ ಕಣ್ಣು ಸರಿ ಕಾಣುವುದಿಲ್ಲ, ಆದರೂ ಬರೆಯುತ್ತಿದ್ದೇನೆ.

ಉಳಿದ ತುಂಡನ್ನು ಅಂಗಡಿಯಲ್ಲಿ ಗಾಜಿನ ಬರಣಿಗೆ ಹಾಕಿ, ಎಲ್ಲಾ ಕಂಪನಿಯ ಸೋಪುಗಳ ಮೇಲಿನ ಸಾಲಿನಲ್ಲಿ ಇಟ್ಟಿದ್ದೇನೆ. ಬಂದವರು ಕೇಳುತ್ತಾರೆ. "ಇದ ಹೆಂಗ ಕೊಟ್ಟೀರಿ ಅಕ್ಕಾರ?" ಎಂದು ಮಾಸ್ತರರೊಬ್ಬರು ಕೈ ಹಾಕಿದರು. "ಇಡ್ರಿ ಕೆಳಗ. ಅದು ಮಾರಾಟಕ್ಕಲ್ಲ, ನಮ್ಮ ಸೊಸಿ ಪರದೇಶದಾಗ ಬೂದಿ ಬಸದು, ಹತ್ತಿಕಾಳಿನ ಎಣ್ಣ್ಯಾಗ ಮಾಡಿದ್ದು," ಅಂದೆ. ಮಾಸ್ತರರು ಸಕ್ಕರೆ ಕೊಳ್ಳಲು ಬಂದವರು, ಪೂರ್ತಿ ಕಥೆ ಕೇಳಿಕೊಂಡು ಸಕ್ಕರೆ ಮರೆತು ಹೋದರು. ನಿನ್ನ ಮಾವ ಅನ್ನುತ್ತಾರೆ, "ಹಿಂಗ ಹೇಳಕೋಂತ ಕುಂತಿ ಅಂದರ ಅಂಗಡಿ ಮುಚ್ಚಬೇಕಾಗತೈತಿ." ನಾನಿಲ್ಲದಾಗ ಅವರೇ ಹೇಳುತ್ತಾರೆ. ಇಚಲಕರಂಜಿಯಿಂದ ಬಂದ ನೂಲಿನ ವ್ಯಾಪಾರಿಗೆ ಹೇಳುವಾಗ ದ್ರಾಕ್ಷಿಯನ್ನು ತಾನೇ ಸೂಚಿಸಿದೆ ಎಂದರಂತೆ.

ಈ ಮನೆಗೆ ನಾನು ಸೊಸೆಯಾಗಿ ಬಂದಾಗ ನನ್ನತ್ತೆ ನನ್ನ ಕೈಯ ಯಾವ ಕೆಲಸವನ್ನೂ ಮೇಲಿನ ಸಾಲಿನಲ್ಲಿ ಇಟ್ಟವರಲ್ಲ. ಅಷ್ಟೇ ಹೇಳುತ್ತೇನೆ. ಮಿಕ್ಕದ್ದು ನಿನಗೆ ತಿಳಿಯುತ್ತದೆ.

ಬರುತ್ತಿದ್ದೇನೆ. ಪಾಸ್‌ಪೋರ್ಟ್ ಬಂದಿದೆ. ಫೋಟೋದಲ್ಲಿ ಕಳ್ಳಿಯಂತೆ ಕಾಣುತ್ತೇನೆ. ವೀಸಾ, ಟಿಕೀಟು ಎಲ್ಲ ಸುಕುಮಾರ ನೋಡಿಕೊಂಡ. ಫೆಬ್ರವರಿ ಹದಿನೇಳಕ್ಕೆ ಮುಂಬಯಿಯಿಂದ. ವಿಮಾನ ಏಳುವಾಗ ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳುತ್ತೇನೆ, ಸುಕುಮಾರ ಬೇಕಾದರೆ ನನ್ನ ತೋಳು ಹಿಡಿದುಕೊಳ್ಳಲಿ. ನಿನ್ನ ಮಾವನಿಗೆ ರವೆಯ ಡಬ್ಬಿ ತೋರಿಸಿಕೊಟ್ಟಿದ್ದೇನೆ. ಎಮ್ಮೆಯನ್ನು ಬಾಳಕ್ಕ ನೋಡಿಕೊಳ್ಳುತ್ತಾಳೆ. ಬಾಣಂತಿ ಖಾರ, ಅಳ್ಳವಿ, ಅಂಟು, ಉತ್ತತ್ತಿ ಕಟ್ಟಿಟ್ಟಿದ್ದೇನೆ. ಸೋಪು ಕಟ್ಟಿಲ್ಲ. ಅದು ನಿನ್ನ ಮನೆಯಲ್ಲಿದೆ.

ಒಂದು ಸಣ್ಣ ಕೆಲಸ. ಇದು ಶರತ್ತಲ್ಲ, ಕೇಳಿಕೊಳ್ಳುತ್ತಿದ್ದೇನೆ. ಅಲ್ಲಿ ಹಿಮ, ಕೆಸರು ಅನ್ನುತ್ತಿ. ನನ್ನ ಕೊಲ್ಹಾಪುರದ ಬಟ್ಟೆ ಚಪ್ಪಲಿ ನಡೆಯುವುದಿಲ್ಲ. ನನಗೊಂದು ಜೊತೆ ಬೂಟು ತಂದಿಡು. ಐದನೇ ನಂಬರು, ಬೆರಳಿನ ಕಡೆ ಸ್ವಲ್ಪ ಅಗಲ. ರಬ್ಬರಿನದು, ಚರ್ಮ ಬೇಡ. ಅಂಗಡಿಯವನು ರಬ್ಬರ್ ಅಂದರೂ ನಂಬಬೇಡ, ಒಳಗಡೆ ಕೈ ಹಾಕಿ ನೋಡಿಯೇ ತಾ.

ಅತ್ತಿ